ರುಚಿ ನೋಡದೆ ಮಾಡುವ ಈಸ್ಟರ್ ಅಡುಗೆ: 15 ಜನಕ್ಕೆ ಪಂದಿ ಕರಿ, ಕಡಂಬುಟ್ಟು, ಸನ್ನ

(ಅಡುಗೆ ಗುಂಪೊಂದರ ಪ್ರಶ್ನೋತ್ತರ ಇದು. ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು.)

ಮಡಿಕೇರಿ ಇಳಿಜಾರು
ಏಪ್ರಿಲ್ 5ಕ್ಕೆ ಈಸ್ಟರ್. ಭಾನುವಾರ ಮಧ್ಯಾಹ್ನ 15 ಜನ ಊಟಕ್ಕೆ, ಅದರಲ್ಲಿ ಮೂವರು ಮಾಂಸ ಮುಟ್ಟುವುದಿಲ್ಲ. ಬೆಳಗಿನ ತಿಂಡಿಗೆ ಮನೆಯ ಆರು ಜನಕ್ಕೆ ಪಾಲಪ್ಪ (ಅಕ್ಕಿ, ತೆಂಗಿನಕಾಯಿಯ ಹುದುಗಿದ ಅಪ್ಪ), ಸ್ಟ್ಯೂ. ಮಧ್ಯಾಹ್ನಕ್ಕೆ ಪಂದಿ ಕರಿ (ಕೊಡಗಿನ ಹಂದಿ ಮಾಂಸದ ಕರಿ), ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ), ಸನ್ನ (ಹುದುಗಿಸಿದ ಹಿಟ್ಟಿನ, ಇಡ್ಲಿಯಂಥ ತಿಂಡಿ). ತೊಡಕು ಇರುವುದು ಶನಿವಾರದಲ್ಲಿ. ಅಡುಗೆಯ ದೊಡ್ಡ ಪಾಲು ಅವತ್ತೇ ಆಗಬೇಕು, ಆದರೆ ಮಾಡುವವರು ನಲವತ್ತು ದಿನದ ವ್ರತದಲ್ಲಿದ್ದು, ರಾತ್ರಿಯ ಜಾಗರಣೆ ಪೂಜೆ ಮುಗಿಯುವ ತನಕ ಮಾಂಸ ಬಾಯಿಗೆ ಹಾಕುವಂತಿಲ್ಲ. ಉಪ್ಪು, ಹುಳಿ ನೋಡದೇ ನಾಲ್ಕು ಕಿಲೋ ಹಂದಿ ಬೇಯಿಸಬೇಕು. ಆದ್ದರಿಂದ "ರುಚಿಗೆ ತಕ್ಕಷ್ಟು" ಅನ್ನಬೇಡಿ, ಅಳತೆ ಹೇಳಿ. ಯಾವುದನ್ನು ಯಾವಾಗ ಮಾಡಬೇಕು ಅನ್ನುವುದೂ ಬೇಕು.

ತೂಕದ ಕಲ್ಲು
ಮೊದಲು ಮಾಂಸ. ತಿನ್ನುವವರು 12 ಜನ. ಚರ್ಮ, ಕೊಬ್ಬು, ಸ್ವಲ್ಪ ಮೂಳೆ ಸೇರಿ ತಲೆಗೆ 300 ಗ್ರಾಂ ಹಸಿ ತೂಕ ಹಿಡಿದರೆ 3.6 ಕಿಲೋ. ನಾಲ್ಕು ಕಿಲೋ ತನ್ನಿ, ಉಳಿದರೆ ಸೋಮವಾರಕ್ಕೆ ಆಗುತ್ತದೆ. ಬರೀ ತೊಡೆ ಭಾಗ ಕೊಟ್ಟರೆ ತೆಗೆದುಕೊಳ್ಳಬೇಡಿ, ನಾರುನಾರಾಗಿ ಗಂಟಲಲ್ಲಿ ನಿಲ್ಲುತ್ತದೆ. ಭುಜದ ಭಾಗ ಎರಡು ಪಾಲು, ಹೊಟ್ಟೆ ಭಾಗ ಒಂದು ಪಾಲು ಇರಲಿ. ಚರ್ಮ ಸುಟ್ಟು ಕೆರೆದಿರಬೇಕು. ಕೂದಲಿನ ಬುಡ ಉಳಿದಿದೆಯೇ ಎಂದು ಬೆರಳಾಡಿಸಿ ನೋಡಿ, ಉಳಿದಿದ್ದರೆ ಗ್ಯಾಸ್ ಉರಿಗೆ ಹಿಡಿದು ಚಾಕುವಿನ ಬೆನ್ನಿನಿಂದ ಕೆರೆಯಿರಿ.

ತುಂಡು ಒಂದೂವರೆ ಇಂಚು. ಅಂಗಡಿಯವರು ಅವಸರಕ್ಕೆ ಮುಕ್ಕಾಲು ಇಂಚಿಗೆ ಕೊಚ್ಚಿ ಕೊಡುತ್ತಾರೆ, ಅದು ಎರಡನೇ ಸಲ ಬಿಸಿ ಮಾಡುವಷ್ಟರಲ್ಲಿ ಕರಗಿ ಹೋಗುತ್ತದೆ. ಈಸ್ಟರ್ ಹಿಂದಿನ ದಿನ ಅಂಗಡಿಯಲ್ಲಿ ಸಾಲು ಇರುತ್ತದೆ. ಬುಧವಾರವೇ ಹೇಳಿಟ್ಟು, ಶನಿವಾರ ಬೆಳಗ್ಗೆ ಎಂಟರೊಳಗೆ ತಂದುಬಿಡಿ.

ಪೊನ್ನಂಪೇಟೆ ಒಲೆ
ನಾಲ್ಕು ಕಿಲೋಗೆ ಮಸಾಲೆ ಹೀಗೆ.

ಕಲಸಿಡಲು: ಅರಿಶಿನ 2 ಟೀ ಚಮಚ, ಅಚ್ಚಖಾರದ ಪುಡಿ 3 ದೊಡ್ಡ ಚಮಚ, ಪುಡಿ ಉಪ್ಪು 45 ಗ್ರಾಂ. ಉಪ್ಪನ್ನು ತೂಕ ಮಾಡಿ. ಕಲ್ಲುಪ್ಪು, ಪುಡಿ ಉಪ್ಪು ಒಂದೇ ಚಮಚದಲ್ಲಿ ಒಂದೇ ತೂಕ ಬರುವುದಿಲ್ಲ. ರುಚಿ ನೋಡುವಂತಿಲ್ಲ ಅಂದಮೇಲೆ 45 ಗ್ರಾಂ ಸುರಕ್ಷಿತ, ಸ್ವಲ್ಪ ಕಡಿಮೆ ಅನ್ನಿಸಿದರೆ ಭಾನುವಾರ ಸೇರಿಸಬಹುದು. ಹೆಚ್ಚಾದರೆ ತೆಗೆಯಲು ದಾರಿಯಿಲ್ಲ.

ರುಬ್ಬಲು: ಸಣ್ಣ ಈರುಳ್ಳಿ 600 ಗ್ರಾಂ, ಬೆಳ್ಳುಳ್ಳಿ 150 ಗ್ರಾಂ, ಶುಂಠಿ 80 ಗ್ರಾಂ, ಹಸಿಮೆಣಸು 12, ಕೊತ್ತಂಬರಿ ಸೊಪ್ಪು ಒಂದು ಹಿಡಿ. ತರಿತರಿಯಾಗಿರಲಿ, ನುಣ್ಣಗೆ ಬೇಡ.

ಹುರಿದು ಪುಡಿ ಮಾಡಲು: ಕೊತ್ತಂಬರಿ ಬೀಜ 8 ದೊಡ್ಡ ಚಮಚ, ಜೀರಿಗೆ 4 ದೊಡ್ಡ ಚಮಚ, ಕಾಳುಮೆಣಸು 4 ದೊಡ್ಡ ಚಮಚ, ಸಾಸಿವೆ 4 ಟೀ ಚಮಚ, ಮೆಂತ್ಯ 1 ಟೀ ಚಮಚ. ಒಂದೊಂದನ್ನೂ ಬೇರೆಬೇರೆ ಹುರಿಯಬೇಕು. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಕಂದುವ ಮೊದಲೇ ಮೆಂತ್ಯ ಸೀದು, ಇಡೀ ಪಾತ್ರೆ ಕಹಿ. ಬಣ್ಣ ಹುರಿದ ಕಾಫಿ ಬೀಜದ್ದಿರಬೇಕು, ವಾಸನೆ ಸುಟ್ಟದ್ದಿರಬಾರದು. ಈ ಎರಡರ ನಡುವೆ ಅರ್ಧ ನಿಮಿಷ ಅಷ್ಟೇ. ಕಬ್ಬಿಣದ ಬಾಣಲೆ ಉರಿ ಆರಿಸಿದ ಮೇಲೂ ಹುರಿಯುತ್ತಲೇ ಇರುತ್ತದೆ, ಹಾಗಾಗಿ ಪಕ್ಕದಲ್ಲಿ ಅಗಲ ತಟ್ಟೆ ಇಟ್ಟುಕೊಂಡು ತಕ್ಷಣ ಸುರಿಯಿರಿ. ಈ ಪುಡಿ ಶುಕ್ರವಾರವೇ ಆಗಲಿ. ಶುಭ ಶುಕ್ರವಾರ ಹೇಗೂ ಗಂಜಿ, ಹೆಸರುಕಾಳು ಬಿಟ್ಟರೆ ಒಲೆಗೆ ಬೇರೆ ಕೆಲಸವಿಲ್ಲ.

ಬೇಯಿಸುವುದು: ಎಣ್ಣೆ ಬೇಡ. ಕಲಸಿದ ಮಾಂಸವನ್ನು ಅರ್ಧ ಗಂಟೆ ಬಿಟ್ಟು ದಪ್ಪ ತಳದ ಪಾತ್ರೆಗೆ ಹಾಕಿ, ಮಧ್ಯಮ ಉರಿಯಲ್ಲಿ ತಿರುವುತ್ತಿರಿ. ಮೊದಲು ನೀರು ಬಿಡುತ್ತದೆ, 20 ನಿಮಿಷಕ್ಕೆ ಆ ನೀರು ಇಂಗಿ ಕೊಬ್ಬು ಕರಗಲು ಶುರುವಾಗಿ ಚಟಪಟ ಸದ್ದು ಬರುತ್ತದೆ. ಆ ಸದ್ದು ಬರುವ ತನಕ ರುಬ್ಬಿದ್ದನ್ನು ಹಾಕಬೇಡಿ. ಅವಸರ ಮಾಡಿದರೆ ಈರುಳ್ಳಿ ಹುರಿಯುವ ಬದಲು ಬೇಯುತ್ತದೆ, ಕೊನೆ ತನಕ ಹಸಿ ವಾಸನೆ ಹೋಗುವುದಿಲ್ಲ. ರುಬ್ಬಿದ್ದು ಹಾಕಿ ಹತ್ತು ನಿಮಿಷ ಬಾಡಿಸಿ, ಎರಡು ಲೋಟ ಬಿಸಿನೀರು ಹೊಯ್ದು, ಮುಚ್ಚಿ, ಸಣ್ಣ ಉರಿಯಲ್ಲಿ ಒಂದೂಕಾಲು ಗಂಟೆ. ಚರ್ಮದ ಮೇಲೆ ಚಮಚದ ಅಂಚು ಒತ್ತಿದರೆ ಸಲೀಸಾಗಿ ಇಳಿಯಬೇಕು. ಆಮೇಲೆ ಹುರಿದ ಪುಡಿ ಹಾಕಿ ಹತ್ತು ನಿಮಿಷ. ಶನಿವಾರದ ಕೆಲಸ ಅಲ್ಲಿಗೆ ನಿಲ್ಲಲಿ. ಕಾಚಂಪುಳಿ (ಹಣ್ಣಿನ ರಸ ಕಾಯಿಸಿ ಮಾಡಿದ ಕೊಡಗಿನ ಕಪ್ಪು ಹುಳಿ) ಭಾನುವಾರಕ್ಕೆ.

ಗೋಣಿಕೊಪ್ಪ ಸಂತೆ
ಕುಕ್ಕರ್‌ನಲ್ಲಿ ಮೂರು ಸೀಟಿಗೆ ಆಗುವುದನ್ನು ಒಂದೂಕಾಲು ಗಂಟೆ ಯಾಕೆ ಕಾಯಬೇಕು? ಗ್ಯಾಸ್ ಬೆಲೆ ಗೊತ್ತಲ್ಲ.

ಪೊನ್ನಂಪೇಟೆ ಒಲೆ
ಆಗುತ್ತದೆ, ಆದರೆ ಹೊಟ್ಟೆ ಭಾಗದ ಕೊಬ್ಬು ಮೂರು ಸೀಟಿಗೆ ಬೆಣ್ಣೆಯಾಗಿ ಭುಜದ ತುಂಡು ಇನ್ನೂ ಬಿಗಿಯಾಗಿರುತ್ತದೆ. ಇನ್ನೆರಡು ಸೀಟಿ ಕೊಟ್ಟರೆ ಚರ್ಮ ಬಿಟ್ಟುಹೋಗುತ್ತದೆ. ಕುಕ್ಕರ್ ಬೇಕೇ ಬೇಕೆಂದರೆ ಭುಜದ ತುಂಡನ್ನು ಮಾತ್ರ ಎರಡು ಸೀಟಿ ಕೂಗಿಸಿ, ಕೊಬ್ಬಿನ ಭಾಗವನ್ನು ತೆರೆದ ಪಾತ್ರೆಯಲ್ಲಿ ಬೇಯಿಸಿ ಸೇರಿಸಿ. ಅಷ್ಟೊತ್ತಿಗೆ ತೊಳೆಯಲು ಎರಡು ಪಾತ್ರೆ. ಲಾಭ ಏನೂ ಇಲ್ಲ.

ಬಿಲಿಂಬಿ
ಕಾಚಂಪುಳಿಯ ಬದಲು ವಿನೆಗರ್ ಹಾಕಬಹುದೇ? ಮಂಗಳೂರು ಕಡೆಯ ಮನೆಗಳಲ್ಲಿ ಈಸ್ಟರ್‌ಗೆ ಬಫಾತ್ (ಅಲ್ಲಿಯ ಕ್ಯಾಥೊಲಿಕರ ಹಂದಿ ಕರಿ) ಮಾಡುವುದು ಹಾಗೇ ಅಲ್ಲವೇ?

ಹುಳಿ ಸೀಸೆ
ಬಫಾತ್ ಬೇರೆ, ಪಂದಿ ಕರಿ ಬೇರೆ. ಬಫಾತ್‌ನಲ್ಲಿ ಬ್ಯಾಡಗಿ ಮೆಣಸಿನ ಕೆಂಪು ಪುಡಿ ಮುಂದೆ ನಿಲ್ಲುತ್ತದೆ, ಕಿಲೋಗೆ ಮೂರು ದೊಡ್ಡ ಚಮಚ ಪುಡಿ, ಒಂದೂವರೆ ಚಮಚ ವಿನೆಗರ್, ಜೊತೆಗೆ ಸನ್ನ. ಅದು ಅದರ ಪಾಡಿಗೆ ಪೂರ್ತಿಯಾದ ಅಡುಗೆ. ಪಂದಿ ಕರಿಯ ಕಪ್ಪು ಮಸಾಲೆಗೆ ವಿನೆಗರ್ ಹಾಕಿದರೆ ಹುಳಿ ಮೂಗಿಗೆ ಹೊಡೆಯುತ್ತದೆ, ನಾಲಗೆಗೆ ಹಿಡಿಯುವುದಿಲ್ಲ. ವಿರಾಜಪೇಟೆ ಕಡೆ ಒಂದೇ ಮೇಜಿನ ಮೇಲೆ ಎರಡೂ ಇಡುವ ಮನೆಗಳಿವೆ. ಟಿಪ್ಪುವಿನ ಕಾಲದಲ್ಲಿ ಆಶ್ರಯ ಕೇಳಿ ಬಂದ ಕ್ಯಾಥೊಲಿಕರಿಗೆ ದೊಡ್ಡ ವೀರರಾಜೇಂದ್ರ ಅಲ್ಲಿ ಜಾಗ ಕೊಟ್ಟು ಸಂತ ಅನ್ನಮ್ಮನ ದೇವಾಲಯ ಶುರುವಾದದ್ದು 1792ರಲ್ಲಿ. ಅಷ್ಟು ಕಾಲ ಜೊತೆಗಿದ್ದ ಮೇಲೆ ಕರಾವಳಿಯ ಸನ್ನದ ಪಕ್ಕ ಕೊಡಗಿನ ಕಾಚಂಪುಳಿ ಬಂದು ಕೂತರೆ ಆಶ್ಚರ್ಯವೇನು.

ಕಾಚಂಪುಳಿ ಕೊಳ್ಳುವಾಗ: ಮಳೆಗಾಲದಲ್ಲಿ ಮಾಗಿ ಬಿದ್ದ ಹಣ್ಣನ್ನು ರಾಶಿ ಹಾಕಿ ಇಳಿಸಿದ ರಸವನ್ನು ಕಪ್ಪಾಗುವ ತನಕ ಕಾಯಿಸಿದ್ದು ಅದು. ಈಗ ಏಪ್ರಿಲ್‌ನಲ್ಲಿ ಸಿಗುವುದು ಕಳೆದ ಮಳೆಗಾಲದ್ದು ಅಥವಾ ಅದಕ್ಕೂ ಹಳೆಯದು, ಹಳೆಯದಾದಷ್ಟೂ ನಷ್ಟವಿಲ್ಲ. ಸೀಸೆ ಓರೆ ಮಾಡಿದರೆ ಗೋಡೆಗೆ ಅಂಟಿಕೊಂಡು ನಿಧಾನ ಇಳಿಯಬೇಕು. ಒಂದು ಹನಿ ನಾಲಗೆಗೆ ಹಾಕಿದರೆ ಚುಚ್ಚುವ ಹುಳಿ, ಕೊನೆಗೆ ಸ್ವಲ್ಪ ಒಗರು. ಸಿಹಿ ಇದ್ದರೆ ಬೆಲ್ಲ ಬೆರೆತಿದೆ. ಲೋಟದ ನೀರಿಗೆ ಬಿಟ್ಟಾಗ ತಿರುಳು ತಳದಲ್ಲಿ ಕೂತರೆ ಹುಣಸೆಹಣ್ಣು. ಸಂತೆಯಲ್ಲಿ ನೀರಿನ ಬಾಟಲಿಯಲ್ಲಿ ತುಂಬಿಟ್ಟದ್ದನ್ನು ಮನೆಗೆ ತಂದ ಮೇಲೆ ಗಾಜಿನ ಸೀಸೆಗೆ ಬದಲಾಯಿಸಿ.

ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಈ ಹುಳಿ ಹಾಕಬೇಡಿ. ಲೋಹ ಬಿಟ್ಟುಕೊಂಡು ಕರಿಗೆ ತಗಡಿನ ರುಚಿ ಬರುತ್ತದೆ. ದೊಡ್ಡ ಪಾತ್ರೆ ಅಂತ ಸಮಾರಂಭದ ಡಬರಿ ತರುತ್ತಾರಲ್ಲ, ಅಲ್ಲೇ ಎಡವುವುದು.

ಅಪ್ಪಚಟ್ಟಿ
ಪಾಲಪ್ಪ ಆರು ಜನಕ್ಕೆ: ಬೆಳ್ತಿಗೆ ಅಕ್ಕಿ 3 ಲೋಟ, ಐದು ಗಂಟೆ ನೆನೆಸಿ. ತೆಂಗಿನ ತುರಿ ಒಂದೂವರೆ ಲೋಟ, ಅನ್ನ ಮುಕ್ಕಾಲು ಲೋಟ. ರುಬ್ಬಿದ ಹಿಟ್ಟಿನಿಂದ ಮೂರು ದೊಡ್ಡ ಚಮಚ ತೆಗೆದು ಒಂದು ಲೋಟ ನೀರಲ್ಲಿ ಗಂಜಿಯಂತೆ ಕಾಯಿಸಿ, ಪೂರ್ತಿ ಆರಿಸಿ ಮತ್ತೆ ಹಿಟ್ಟಿಗೆ ಬೆರೆಸಿ. ಈ ಗಂಜಿಯಿಂದಲೇ ನಡು ಮೃದುವಾಗುವುದು. ಬಿಸಿ ಇರುವಾಗ ಬೆರೆಸಿದರೆ ಯೀಸ್ಟ್ ಸತ್ತು ಬೆಳಗ್ಗೆ ಹಿಟ್ಟು ಇದ್ದ ಹಾಗೇ ಇರುತ್ತದೆ. ಯೀಸ್ಟ್ ಅರ್ಧ ಟೀ ಚಮಚ, ಸಕ್ಕರೆ ಎರಡು ದೊಡ್ಡ ಚಮಚ. ಉಪ್ಪು ಬೆಳಗ್ಗೆ.

ಚಟ್ಟಿ ಚೆನ್ನಾಗಿ ಕಾಯದೆ ಹಿಟ್ಟು ಹೊಯ್ದು ತಿರುಗಿಸಿದರೆ ಅಂಚಿಗೆ ಹಿಡಿಯದೆ ಎಲ್ಲ ನಡುವಿಗೆ ಜಾರುತ್ತದೆ. ತೀರಾ ಕಾದರೆ ಹೊಯ್ದಲ್ಲೇ ಗಟ್ಟಿ. ನೀರು ಚಿಮುಕಿಸಿದಾಗ ಹನಿ ಉರುಳಾಡಿದರೆ ಸರಿಯಾದ ಹದ.

ಸ್ಟ್ಯೂಗೆ ಕೋಳಿ ಒಂದು ಕಿಲೋ, ಆಲೂಗಡ್ಡೆ ಮೂರು, ಕ್ಯಾರೆಟ್ ಎರಡು, ತೆಂಗಿನಕಾಯಿ ಎರಡು. ಮೊದಲ ಹಾಲು ಒಂದೂವರೆ ಲೋಟ ಬೇರೆ ಇಡಿ, ಎರಡನೇ ಹಾಲು ಮೂರು ಲೋಟದಲ್ಲಿ ಕೋಳಿ ಬೇಯಲಿ. ಚಕ್ಕೆ, ಲವಂಗ, ಏಲಕ್ಕಿ, ಕುಟ್ಟಿದ ಕಾಳುಮೆಣಸು, ಸೀಳಿದ ಹಸಿಮೆಣಸು, ಶುಂಠಿ, ಕರಿಬೇವು. ಅರಿಶಿನ ಬೇಡ, ಬಿಳಿಯಾಗಿಯೇ ಇರಬೇಕು. ಮೊದಲ ಹಾಲು ಕೊನೆಗೆ, ಉರಿ ಸಣ್ಣಗೆ ಮಾಡಿ, ಅಂಚಿನಲ್ಲಿ ಆವಿ ಏಳುತ್ತಿದ್ದಂತೆ ಇಳಿಸಿ. ಕುದಿ ಬಂದರೆ ಒಡೆಯುತ್ತದೆ.

ಮಡಿಕೇರಿ ಇಳಿಜಾರು
ತಲಶ್ಶೇರಿ ಕಡೆಯ ಅಳತೆಯಲ್ಲೇ ಮಾಡಿದರೂ ಮಡಿಕೇರಿಯಲ್ಲಿ ಹಿಟ್ಟು ಏಳುವುದಿಲ್ಲ ಎಂಬ ದೂರು ಎಲ್ಲರ ಬಾಯಲ್ಲೂ ಇದೆ. ಸನ್ನಕ್ಕೂ ಅದೇ ಕತೆ. ಹಿಟ್ಟು ಹುದುಗಿಸುವ ಶೇಂದಿ ಇಲ್ಲಿ ಕೈಗೆ ಸಿಗುವ ವಸ್ತುವಲ್ಲ.

ಹಬೆಪಾತ್ರೆ
ಎರಡು ಕಾರಣ. ಒಂದು, ರಾತ್ರಿಯ ಚಳಿ. ಕರಾವಳಿಯಲ್ಲಿ ಏಪ್ರಿಲ್ ರಾತ್ರಿ ಬೆವರು ಬರುತ್ತದೆ, ಮಡಿಕೇರಿಯಲ್ಲಿ ಕಂಬಳಿ ಬೇಕು. ಅಲ್ಲಿ ಆರು ಗಂಟೆಗೆ ಏಳುವ ಹಿಟ್ಟಿಗೆ ಇಲ್ಲಿ ಹತ್ತು ಹನ್ನೆರಡು ಗಂಟೆ. ಎರಡು, ಎತ್ತರ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ, ನೀರು ಹತ್ತಿರಹತ್ತಿರ 96 ಡಿಗ್ರಿಗೇ ಕುದಿಯುತ್ತದೆ. ಹಬೆಯೂ ಅಷ್ಟೇ ಬಿಸಿ. ಹಾಗಾಗಿ ಮಂಗಳೂರಿನವರು 15 ನಿಮಿಷ ಅಂದರೆ ನೀವು 18ರಿಂದ 20 ಇಡಿ. ಮೊಟ್ಟೆ ಬೇಯಿಸುವಾಗಲೂ ಒಂದೆರಡು ನಿಮಿಷ ಹೆಚ್ಚು.

ಅಪ್ಪದ ಹಿಟ್ಟಿನ ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿರುವ ದೊಡ್ಡ ಪಾತ್ರೆಯೊಳಗೆ ಇಟ್ಟು, ಗೋಣಿ ಹೊದೆಸಿ. ಪೂಜೆಗೆ ಹೊರಡುವ ಮುಂಚೆ ನೀರು ಬದಲಿಸಿ, ಬೆಳಗಿನ ತನಕ ಸಾಕು. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಉಕ್ಕಿದರೆ ನಡುರಾತ್ರಿ ನೆಲ ಒರೆಸುವುದೇ ಪುನರುತ್ಥಾನದ ಮೊದಲ ಕೆಲಸ.

ಸನ್ನವನ್ನು ರಾತ್ರಿಗೆ ಬಿಡುವ ಅಗತ್ಯವೇ ಇಲ್ಲ. ಕುಚ್ಚಲಕ್ಕಿ 3 ಲೋಟ, ಉದ್ದು ಮುಕ್ಕಾಲು ಲೋಟ ಬೇರೆಬೇರೆ ನೆನೆಸಿ, ಶನಿವಾರ ಮಧ್ಯಾಹ್ನವೇ ರುಬ್ಬಿ. ಮಧ್ಯಾಹ್ನವೇ ಎನ್ನಲು ಕಾರಣವಿದೆ. ಕಾಫಿ ಹೂವಿನ ಮಳೆಯ ದಿನಗಳು ಇವು, ಸಂಜೆ ಒಂದು ಗುಡುಗು ಗುಡುಗಿದರೆ ಕರೆಂಟ್ ಯಾವಾಗ ಬರುತ್ತದೋ ಹೇಳುವವರಿಲ್ಲ. ರುಬ್ಬಿದ್ದನ್ನು ಯೀಸ್ಟ್ ಹಾಕದೆ ಫ್ರಿಜ್‌ನಲ್ಲಿಡಿ. ಭಾನುವಾರ ಬೆಳಗ್ಗೆ ಏಳಕ್ಕೆ ಹೊರಗೆ ತೆಗೆದು, ಪಾತ್ರೆಯನ್ನು ಬಿಸಿನೀರಲ್ಲಿಟ್ಟು ತಣ್ಣಗಿನ ಅಂಶ ಬಿಡಿಸಿ. ಕೈಗೆ ಹಿತವಾದ ಬಿಸಿಯ ಅರ್ಧ ಲೋಟ ನೀರಿಗೆ ಯೀಸ್ಟ್ ಒಂದೂವರೆ ಟೀ ಚಮಚ, ಸಕ್ಕರೆ ಒಂದು ದೊಡ್ಡ ಚಮಚ ಹಾಕಿ ಹತ್ತು ನಿಮಿಷ ನೋಡಿ. ನೊರೆ ಬರದಿದ್ದರೆ ಯೀಸ್ಟ್ ಹಳತು, ಹಿಟ್ಟಿಗೆ ಸುರಿಯಬೇಡಿ. ಒಂದು ಹೊಸ ಪ್ಯಾಕೆಟ್ ಮನೆಯಲ್ಲಿರಲಿ. ನೊರೆ ಬಂದದ್ದನ್ನು ಹಿಟ್ಟಿಗೆ ಬೆರೆಸಿದರೆ ಎರಡು ಗಂಟೆಯೊಳಗೆ ಏಳುತ್ತದೆ. ಎದ್ದ ಮೇಲೆ ಸೌಟಿನಿಂದ ಕಲಕಬೇಡಿ, ಮೇಲಿಂದ ಮೆಲ್ಲನೆ ಎತ್ತಿ ಬಟ್ಟಲಿಗೆ ಅರ್ಧ ಮಾತ್ರ ಹಾಕಿ. ಮುಚ್ಚಳಕ್ಕೆ ತೆಳು ಬಟ್ಟೆ ಕಟ್ಟದಿದ್ದರೆ ಆವಿಯ ಹನಿ ಬಿದ್ದು ನಡುವಲ್ಲಿ ಅಂಟಂಟು ಗುಳಿ. ಈ ಅಳತೆಗೆ ಸುಮಾರು 30 ಸನ್ನ.

ಪೊನ್ನಂಪೇಟೆ ಒಲೆ
ಕಡಂಬುಟ್ಟಿಗೆ ಒಂದೂಕಾಲು ಕಿಲೋ ಅಕ್ಕಿ ತರಿ. ತಲೆಗೆ ನಾಲ್ಕರಂತೆ 60 ಬೇಕು, ಕಿಲೋಗೆ 55ರಿಂದ 60 ಬರುತ್ತದೆ, ಒಡೆದದ್ದಕ್ಕೆ ಸ್ವಲ್ಪ ಹೆಚ್ಚು ಇರಲಿ. ಮಾಂಸ ತಿನ್ನದವರೂ ಇದನ್ನೇ ತಿನ್ನುವುದರಿಂದ ಹಂದಿಗೆ ಮುಟ್ಟಿದ ಕೈ, ಸೌಟು ಇದಕ್ಕೆ ಬೇಡ.

ಒಂದು ಲೋಟ ತರಿಗೆ ಎರಡೂವರೆ ಲೋಟ ನೀರು, ಅರ್ಧ ಟೀ ಚಮಚ ಉಪ್ಪು. ಹೊಸ ಅಕ್ಕಿಯ ತರಿಯಾದರೆ ಎರಡು ಲೋಟ ನೀರೇ ಸಾಕು. ನೀರು ಕುದಿಯುವಾಗ ತರಿಯನ್ನು ಒಂದೇ ಸಲ ಸುರಿಯದೆ, ಒಂದು ಕೈಯಲ್ಲಿ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವಬೇಕು. ಗಂಟಾದರೆ ಒಳಗೆ ಹಸಿಹಿಟ್ಟು ಉಳಿಯುತ್ತದೆ, ಎಷ್ಟು ಹಬೆ ಕೊಟ್ಟರೂ ಬೇಯುವುದಿಲ್ಲ. ಮುಚ್ಚಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಟ್ಟು ಇಳಿಸಿ. ಕೈ ತಾಳುವಷ್ಟು ಬಿಸಿ ಇರುವಾಗಲೇ ನೀರು ಮುಟ್ಟಿದ ಕೈಯಿಂದ ನಾದಿ ಉಂಡೆ ಕಟ್ಟಿ, ಸಣ್ಣ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಆರಿದ ಮೇಲೆ ಕಟ್ಟಿದರೆ ಬಿರುಕು. ಕಾಯುತ್ತಿರುವ ಉಂಡೆಗಳ ಮೇಲೆ ಒದ್ದೆ ಬಟ್ಟೆ. ಹಬೆಯಲ್ಲಿ 25 ನಿಮಿಷ.

ಅಂಗಡಿಯ ಉಪ್ಪಿಟ್ಟಿನ ಅಕ್ಕಿ ರವೆ ತಂದರೆ ಉಂಡೆ ಅಂಟಂಟಾಗಿ ಹಲ್ಲಿಗೆ ಹಿಡಿಯುತ್ತದೆ, ಅದು ತೀರಾ ಸಣ್ಣ. ಅಕ್ಕಿ ತೊಳೆದು, ನೆರಳಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ಸ್ವಲ್ಪಸ್ವಲ್ಪವೇ ತಿರುಗಿಸಿ ಜರಡಿ ಹಿಡಿಯುವುದು ಉತ್ತಮ.

ತೂಕದ ಕಲ್ಲು
ಪಾತ್ರೆಯ ಲೆಕ್ಕವನ್ನು ಯಾರೂ ಹೇಳಲಿಲ್ಲ. 16 ಗುಳಿಯ ಇಡ್ಲಿ ಪಾತ್ರೆಯಲ್ಲಿ 60 ಉಂಡೆಗೆ ನಾಲ್ಕು ಸುತ್ತು, ಸುತ್ತಿಗೆ 25 ನಿಮಿಷ. ಅದಕ್ಕೇ ಒಂದು ಗಂಟೆ ನಲವತ್ತು ನಿಮಿಷ. ಸನ್ನ 30ಕ್ಕೆ ಮತ್ತೆ ಎರಡು ಸುತ್ತು. ಒಂದೇ ಪಾತ್ರೆ ನಂಬಿದರೆ ಊಟ ಮೂರಕ್ಕೆ. ಪಕ್ಕದ ಮನೆಯಿಂದ ಇನ್ನೊಂದು ತಂದಿಟ್ಟುಕೊಳ್ಳಿ, ಗ್ಯಾಸ್ ಒಲೆಯ ಎರಡು ಬರ್ನರ್ ಹತ್ತರಿಂದ ಹನ್ನೆರಡರ ತನಕ ಇವಕ್ಕೇ. ಪಂದಿ ಕರಿ ಹೊರಗೆ ಸೌದೆ ಒಲೆಯಲ್ಲಿ ಬಿಸಿಯಾಗಲಿ.

ಗೋಣಿಕೊಪ್ಪ ಸಂತೆ
ಮಾಂಸ ತಿನ್ನದ ಆ ಮೂವರಿಗೆ ಬೈಂಬಳೆ (ಎಳೆ ಬಿದಿರು, ಕಣಿಲೆ) ಕರಿ ಮಾಡಿದರೆ?

ಹುಳಿ ಸೀಸೆ
ಅಣ್ಣಾ, ಬೈಂಬಳೆ ಮಳೆಗಾಲದ್ದು. ಏಪ್ರಿಲ್‌ನಲ್ಲಿ ಉಪ್ಪುನೀರಲ್ಲಿಟ್ಟದ್ದು ಸಿಕ್ಕರೆ ಸರಿ. ಕುಮ್ಮು (ಅಣಬೆ) ಕೂಡ ಮಳೆ ಬಂದ ಮೇಲೆ. ಈಗ ಮರದಲ್ಲಿರುವುದು ಎಳೆ ಹಲಸು, ಕಾಡುಮಾವು. ಕಾಡುಮಾವಿನ ಕರಿ ಮಾಡಿ: ಸಣ್ಣ ಹಣ್ಣು 15 ಸಿಪ್ಪೆ ಸುಲಿದು ಇಡಿಯಾಗಿ ಬೇಯಿಸಿ, ಬೆಲ್ಲ 60 ಗ್ರಾಂನಿಂದ ಶುರುಮಾಡಿ ಹುಳಿ ನೋಡಿ ಹೆಚ್ಚಿಸಿ, ಹಸಿಮೆಣಸು, ಕೊನೆಗೆ ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ. ಗೊರಟೆ ತೆಗೆಯಬೇಡಿ, ಚೀಪುವುದರಲ್ಲೇ ರುಚಿ. ಇದನ್ನು ಮಾತ್ರ ಶನಿವಾರವೇ ಧೈರ್ಯವಾಗಿ ರುಚಿ ನೋಡಬಹುದು.

ಎಳೆ ಹಲಸಿಗೆ ಪಂದಿ ಮಸಾಲೆಯ ಪುಡಿಯನ್ನೇ ಎರಡು ಚಮಚ ಹಾಕಿ ಕಾಚಂಪುಳಿ ಒಂದು ಟೀ ಚಮಚ ಬಿಟ್ಟರೆ ಮಾಂಸ ತಿನ್ನುವವರೂ ಅದಕ್ಕೇ ಕೈ ಹಾಕುತ್ತಾರೆ, ಹಾಗಾಗಿ ಮೂವರ ಲೆಕ್ಕಕ್ಕೆ ಮಾಡಬೇಡಿ. ಹೆಚ್ಚುವಾಗ ಕೈಗೂ ಚಾಕುವಿಗೂ ಎಣ್ಣೆ.

ಬಿಲಿಂಬಿ
ಮಲಯಾಳಿ ಕ್ರೈಸ್ತ ಮನೆಗಳಲ್ಲಿ ಶುಭ ಶುಕ್ರವಾರದ ಹಿಂದಿನ ಗುರುವಾರ ಮಾಡುವ ಪೆಸಹಾ ಅಪ್ಪಕ್ಕೂ ಯೀಸ್ಟ್ ಬೇಕೇ?

ಅಪ್ಪಚಟ್ಟಿ
ಬೇಡವೇ ಬೇಡ, ಅದು ಹುಳಿಯಿಲ್ಲದ ರೊಟ್ಟಿ. ಅಕ್ಕಿಹಿಟ್ಟು 2 ಲೋಟ, ನೆನೆಸಿ ರುಬ್ಬಿದ ಉದ್ದು ಕಾಲು ಲೋಟ, ತೆಂಗಿನ ತುರಿ ಒಂದು ಲೋಟ, ಜೀರಿಗೆ, ಸಣ್ಣ ಈರುಳ್ಳಿ, ಉಪ್ಪು. ಕಲಸಿದ ಕೂಡಲೇ ತಟ್ಟೆಗೆ ಹೊಯ್ದು ಹಬೆಯಲ್ಲಿ 25 ನಿಮಿಷ. ಹಿಟ್ಟನ್ನು ಹುದುಗಲು ಬಿಡಬಾರದು. ಗರಿಗಳ ಭಾನುವಾರ ತಂದ ಗರಿಯಿಂದ ಸಣ್ಣ ಶಿಲುಬೆ ಮಾಡಿ ನಡುವಲ್ಲಿಡುತ್ತಾರೆ. ಜೊತೆಗೆ ಬೆಲ್ಲ, ತೆಂಗಿನ ಹಾಲು ಕಾಯಿಸಿದ ಪಾಲ್. ಪ್ರಾರ್ಥನೆ ಆದ ಮೇಲೆ ಮನೆಯ ಹಿರಿಯರು ಕತ್ತರಿಸಿ ಹಂಚುತ್ತಾರೆ. ಆ ವರ್ಷ ಸಾವಾದ ಮನೆಯಲ್ಲಿ ಮಾಡುವುದಿಲ್ಲ, ನೆಂಟರೋ ನೆರೆಯವರೋ ತಂದುಕೊಡುತ್ತಾರೆ. ಹಾಗಿದ್ದರೆ ಒಂದು ತುಂಡು ಹೆಚ್ಚಿಗೆ ಮಾಡಿಡಿ.

ಕಾಫಿ ಕಣ
ಮಕ್ಕಳಿಗೆ ಬಣ್ಣದ ಮೊಟ್ಟೆ ಮಾಡುವವರಿಗೆ ಒಂದು ಮಾತು. ಅಂದೇ ಇಟ್ಟ ನಾಟಿ ಮೊಟ್ಟೆ ಸಿಪ್ಪೆ ಬಿಡುವುದಿಲ್ಲ, ಬಿಳಿ ಭಾಗವೆಲ್ಲ ಕಿತ್ತು ಬರುತ್ತದೆ. ವಾರದ ಹಿಂದಿನದ್ದನ್ನು ಎತ್ತಿಡಿ. ಕೆಂಪು ಈರುಳ್ಳಿ ಸಿಪ್ಪೆ ನಾಲ್ಕು ಹಿಡಿ, ನೀರು ಒಂದು ಲೀಟರ್, ಅರ್ಧ ಗಂಟೆ ಕುದಿಸಿ ಸೋಸಿ, ಎರಡು ಚಮಚ ವಿನೆಗರ್ ಹಾಕಿ, ಅದರಲ್ಲೇ ಬೆಂದ ಮೊಟ್ಟೆ ಅದ್ದಿಟ್ಟರೆ ಕಂದುಗೆಂಪು. ಅರಿಶಿನದ ನೀರಲ್ಲಿ ಹಳದಿ. ವಿನೆಗರ್ ಹಾಕದಿದ್ದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

ಮಡಿಕೇರಿ ಇಳಿಜಾರು
ಶನಿವಾರ ಸಂಜೆ ಬೆಂದ ನಾಲ್ಕು ಕಿಲೋ ಕರಿಯನ್ನು ರಾತ್ರಿ ಎಲ್ಲಿಡುವುದು? ಆ ಪಾತ್ರೆ ಫ್ರಿಜ್‌ಗೆ ಹಿಡಿಯುವುದಿಲ್ಲ. ಚಳಿ ಇದೆಯಲ್ಲ, ಅಡುಗೆಮನೆಯಲ್ಲೇ ಮುಚ್ಚಿಟ್ಟರೆ ನಡೆಯುವುದಿಲ್ಲವೇ?

ತೂಕದ ಕಲ್ಲು
ನಡೆಯುವುದಿಲ್ಲ. ಕಂಬಳಿ ಹೊದೆಯುವ ಚಳಿ ಫ್ರಿಜ್‌ನ ಚಳಿಯಲ್ಲ. ದೊಡ್ಡ ಪಾತ್ರೆಯ ನಡು ನಡುರಾತ್ರಿ ತನಕ ಬೆಚ್ಚಗೇ ಇರುತ್ತದೆ, ಕೆಡುವುದು ಅಲ್ಲಿಂದಲೇ. ಮೇಲೆ ಕಟ್ಟುವ ಕೊಬ್ಬಿನ ಪದರ ಬಿಸಿಯನ್ನು ಇನ್ನೂ ಒಳಗೇ ಹಿಡಿದಿಡುತ್ತದೆ. ಮಧ್ಯಾಹ್ನ ಮೂರಕ್ಕೆ ಬೇಯಿಸಿ ಮುಗಿಸಿ, ನಾಲ್ಕೈದು ಅಗಲದ ಸ್ಟೀಲ್ ಡಬ್ಬಿಗೆ ಎರಡು ಇಂಚು ಆಳದಂತೆ ಹರಡಿ, ತಣ್ಣೀರಿನ ತಟ್ಟೆಯಲ್ಲಿ ಇಟ್ಟು, ಐದರೊಳಗೆ ಫ್ರಿಜ್‌ಗೆ. ಫ್ರಿಜ್‌ನಲ್ಲಿ ಜಾಗ ಬೇಕಾದರೆ ನೀರಿನ ಬಾಟಲಿ, ತರಕಾರಿ ಹೊರಗೆ ಬರಲಿ, ಒಂದು ರಾತ್ರಿಗೆ ಏನೂ ಆಗುವುದಿಲ್ಲ.

ಬೆಳಗ್ಗೆ ಮೇಲೆ ಬಿಳಿ ಕೊಬ್ಬು ಗಟ್ಟಿಯಾಗಿ ಕೂತಿರುತ್ತದೆ. ಅರ್ಧದಷ್ಟು ತೆಗೆದು ಬೇರೆ ಡಬ್ಬಿಗೆ ಹಾಕಿ, ಮರುದಿನ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಸುಡುವಾಗ ಸವರಲು ಆಗುತ್ತದೆ. ಪೂರ್ತಿ ತೆಗೆದರೆ ಕರಿಯ ಹೊಳಪು ಹೋಗುತ್ತದೆ.

ಪೊನ್ನಂಪೇಟೆ ಒಲೆ
ಭಾನುವಾರ 11ಕ್ಕೆ ಸ್ಟೀಲ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಬಿಸಿಗಿಡಿ. ಒಂದು ಲೋಟ ಬಿಸಿನೀರು ಹಾಕಿ, ನಡುವಿನ ತನಕ ಕೊತಕೊತ ಕುದಿಯಲಿ. ಆಗ ಉಪ್ಪು ನೋಡಿ. ಆಮೇಲೆ ಕಾಚಂಪುಳಿ ಮೂರು ದೊಡ್ಡ ಚಮಚ ಹಾಕಿ ಐದು ನಿಮಿಷ ಕುದಿಸಿ, ಮತ್ತೆ ನೋಡಿ. ಸಾಲದಿದ್ದರೆ ಅರ್ಧರ್ಧ ಚಮಚ, ಪ್ರತಿ ಸಲವೂ ಎರಡು ನಿಮಿಷ ಬಿಟ್ಟು. ಐದು ಚಮಚ ದಾಟುವ ಅಗತ್ಯ ಬರುವುದಿಲ್ಲ, ಬಂದರೆ ಸೀಸೆಯಲ್ಲಿರುವುದು ಕಾಚಂಪುಳಿಯೇ ಎಂದು ಅನುಮಾನಿಸಿ. ನಲವತ್ತು ದಿನ ಮಾಂಸ ಬಿಟ್ಟ ನಾಲಗೆ ಇದು, ಮೊದಲ ತುತ್ತಿಗೆ ಎಲ್ಲವೂ ಖಾರ, ಎಲ್ಲವೂ ಉಪ್ಪು ಅನ್ನಿಸುತ್ತದೆ. ಹಾಗಾಗಿ ಬೆಳಗ್ಗೆ ಸ್ಟ್ಯೂ ತಿಂದವರ ಕೈಯಲ್ಲೇ ರುಚಿ ನೋಡಿಸಿ.

ಮಡಿಕೇರಿ ಇಳಿಜಾರು
ಬರೆದುಕೊಂಡೆ. ಎರಡನೇ ಇಡ್ಲಿ ಪಾತ್ರೆಗೆ ಈಗಲೇ ಹೇಳಿಡುತ್ತೇನೆ.

ಹಬೆಪಾತ್ರೆ
ಪಾತ್ರೆಯ ಜೊತೆ ಅದರ ತಟ್ಟೆಗಳನ್ನೂ ಎಣಿಸಿ ತನ್ನಿ ಅಕ್ಕಾ.